ಕರ್ಸರ್ ಮಾತ್ರ ಮಿಣುಕುತ್ತಿತ್ತು

ಗುಜರಿಯವರು ಬರುವ ಹಿಂದಿನ ದಿನ ಅದು ನಮ್ಮ ಕಣ್ಣಿಗೆ ಬಿತ್ತು. ತಾಲ್ಲೂಕಿನ ಹಳೇ ಶಾಲೆಯೊಂದರ ಸ್ಟೋರ್ ರೂಮ್ ಖಾಲಿ ಮಾಡುತ್ತಿದ್ದರು. ಮುರಿದ ಬೆಂಚುಗಳ ನಡುವೆ ಕೆನೆಬಣ್ಣದ ಪೆಟ್ಟಿಗೆ, ಅದರ ಮೇಲೇ ಕೀಬೋರ್ಡ್, ಮೇಲಿನ ಸಾಲಿನಲ್ಲಿ ಕೆಂಪು ಗುಂಡಿಗಳು. ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಕಂಪ್ಯೂಟರ್. 1984ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಆಯ್ದ ಶಾಲೆಗಳಿಗೆ ಬಂದಿದ್ದು ಇದೇ. ಮೆಮೊರಿ 32 ಕೆಬಿ. ಈಗ ನಾವು ಫೋನಿನಲ್ಲಿ ತೆಗೆಯುವ ಒಂದು ಫೋಟೋಗೂ ಆ ಜಾಗ ಸಾಲದು.

ಹೆಡ್ ಮೇಷ್ಟ್ರನ್ನು ಕೇಳಿ, ಬೈಕಿನಲ್ಲಿಟ್ಟುಕೊಂಡು ಟಿವಿ ರಿಪೇರಿ ಅಂಗಡಿಯ ಅಣ್ಣನ ಹತ್ತಿರ ಹೋದೆವು. ಅವರು ತುಂಬಾ ಹೊತ್ತು ಅದನ್ನೇ ನೋಡಿದರು. "ಯಾವ ಸ್ಕೂಲಿಂದು?" ಅಂದರು. ಹೇಳಿದೆವು. "ಸಂಜೆ ಬನ್ರಪ್ಪ, ಗಿರಾಕಿ ಇಲ್ಲದಾಗ ನೋಡೋಣ" ಅಂದರು.

ಸಂಜೆ ಮೊದಲು ಪವರ್ ಸಪ್ಲೈ ಬಿಚ್ಚಿದರು. 230 ವೋಲ್ಟ್ ಬರುವ ಜಾಗದಲ್ಲಿದ್ದ ಎರಡು ಫಿಲ್ಟರ್ ಕೆಪಾಸಿಟರ್‌ಗಳ ಮೈ ಬಿರುಕು ಬಿಟ್ಟಿತ್ತು. ವಯಸ್ಸಾದಂತೆ ಇವು ತೇವ ಹೀರುತ್ತವೆ, ಕರೆಂಟ್ ಕೊಟ್ಟರೆ ಹೊಗೆ ಬಿಟ್ಟು ಸಿಡಿಯುತ್ತವೆ. ಎರಡನ್ನೂ ಬದಲಿಸಿದರು. ಟಿವಿಗೆ ಜೋಡಿಸಲು ಬಿಎನ್‌ಸಿ ಪಿನ್ ಬೇಕಿತ್ತು, ಸಿಸಿ ಕ್ಯಾಮೆರಾ ಹಾಕುವ ಹುಡುಗನ ಹತ್ತಿರ ಸಿಕ್ಕಿತು.

ಸ್ವಿಚ್ ಒತ್ತಿದ ಕೂಡಲೇ "ಡುಂ-ಬೀಪ್" ಎಂದಿತು. ಅಂದರೆ ಕಂಪ್ಯೂಟರಿಗೆ ಜೀವ ಇದೆ. ಆದರೆ ಪರದೆ ಕಪ್ಪು. ಒಂದು ಅಕ್ಷರವೂ ಇಲ್ಲ. ಮೂಲೆಯಲ್ಲಿ ಕರ್ಸರ್ ಮಾತ್ರ ಮಿಣುಕುತ್ತಿತ್ತು. "ಅವತ್ತೂ ಹಿಂಗೇ ಇತ್ತು" ಅಂದರು ಅಣ್ಣ. ಯಾವತ್ತು ಎಂದು ನಾವು ಕೇಳಲಿಲ್ಲ.

ಅದರ ಬಗ್ಗೆ ಓದಿಕೊಂಡಿದ್ದ ನಾವು, ಪರದೆಯಲ್ಲಿ ಏನೂ ಕಾಣದಿದ್ದರೂ 'ಮೋಡ್ 4' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ರಿಟರ್ನ್ ಒತ್ತಿದೆವು. ಪರದೆಯ ಮೇಲೆ ಬಾಣದ ಗುರುತು ಬಂತು! ಗುಂಡಿ ಒತ್ತಿದರೆ ಅಕ್ಷರವೂ ಮೂಡಿತು.

ಗುಟ್ಟು ಇಷ್ಟೇ. ಈ ಕಂಪ್ಯೂಟರ್ ಆನ್ ಆಗುವುದು 'ಮೋಡ್ 7'ರಲ್ಲಿ. ಅಲ್ಲಿ ಮೆಮೊರಿ ಉಳಿಸಲು ಯಾವ ಅಕ್ಷರ ಎಂಬುದನ್ನಷ್ಟೇ ಇಟ್ಟುಕೊಂಡಿರುತ್ತದೆ, ಒಟ್ಟು 1 ಕೆಬಿ ಸಾಕು. ಅಕ್ಷರದ ಆಕಾರ ಬರೆಯುವುದು ಎಸ್‌ಎಎ 5050 ಎಂಬ ಬೇರೆ ಚಿಪ್. ಮೋಡ್ 4ರಲ್ಲಿ ಆ ಚಿಪ್ಪಿನ ಹಂಗಿಲ್ಲ, ಚುಕ್ಕಿಗಳೆಲ್ಲ ಮೆಮೊರಿಯಲ್ಲೇ ಇರುತ್ತವೆ. ಕರ್ಸರ್ ಕೂಡ ಬೇರೆ ದಾರಿಯಿಂದ ಬರುತ್ತದೆ. ಹಾಗಾಗಿ ತೊಂದರೆ ಇದ್ದರೆ ಆ ಚಿಪ್ಪಿನ ಸುತ್ತಲೇ.

ಅಣ್ಣ ಪ್ಲಗ್ ಕಿತ್ತು, ಬೋರ್ಡ್ ಹೊರತೆಗೆದು ತಿರುಗಿಸಿದರು. ಭೂತಗನ್ನಡಿ ಹಿಡಿದು 28 ಕಾಲುಗಳನ್ನೂ ಒಂದೊಂದಾಗಿ ನೋಡಿದರು. ಒಂದು ಕಾಲಿನ ಬುಡದ ಸೀಸದಲ್ಲಿ ಕೂದಲೆಳೆಯಷ್ಟು ಸಣ್ಣ ಉಂಗುರದಂಥ ಬಿರುಕು. "ಡ್ರೈ ಸೋಲ್ಡರ್" ಅಂದರು. ಬಿಸಿಯಾಗಿ ತಣ್ಣಗಾಗಿ ಸೀಸ ಕಾಲನ್ನು ಬಿಟ್ಟುಕೊಡುತ್ತದೆ. ಹಳೇ ಟಿವಿಗಳಲ್ಲಿ ದಿನಾ ನೋಡುವ ಕಾಯಿಲೆ. ಹಳೇ ಸೀಸ ಹೀರಿ ತೆಗೆದು, ಫ್ಲಕ್ಸ್ ಹಚ್ಚಿ, 25 ವ್ಯಾಟಿನ ಐರನ್ ಎರಡು ಸೆಕೆಂಡ್ ಇಟ್ಟು ಹೊಸ ಸೀಸ ಹರಿಸಿದರು. ಹೆಚ್ಚು ಹೊತ್ತು ಇಟ್ಟರೆ ಬೋರ್ಡಿನ ತಾಮ್ರವೇ ಎದ್ದು ಬರುತ್ತದೆ.

ಬೋರ್ಡನ್ನು ಮತ್ತೆ ಕೂರಿಸಿ ಸ್ವಿಚ್ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಕಂಪ್ಯೂಟರಿನ ಹೆಸರು, ಪಕ್ಕದಲ್ಲಿ 32ಕೆ.

ನಾವು ಚಪ್ಪಾಳೆ ಹೊಡೆದೆವು. ಅಣ್ಣ ಹೊಡೆಯಲಿಲ್ಲ. ಸ್ಟೂಲ್ ಮೇಲೆ ಕೂತರು.

"ಹತ್ತನೇ ಕ್ಲಾಸಲ್ಲಿ ನಾನು ಸ್ವಿಚ್ ಹಾಕ್ದಾಗ ಅಕ್ಷರ ಹೋಯ್ತು. ಕರ್ಸರ್ ಮಾತ್ರ ಇತ್ತು. ಸರ್ಕಾರದ ಮಾಲು ಸುಟ್ಟೆ ಅಂತ ಪ್ರೇಯರ್‌ನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಹೊಡೆದರು. ರೂಮಿಗೆ ಬೀಗ ಬಿತ್ತು. ಆಮೇಲೆ ನಾನೂ ಸ್ಕೂಲಿಗೆ ಸರಿಯಾಗಿ ಹೋಗಲಿಲ್ಲ. ನಾನೇ ಕೆಡಿಸಿದೆ ಅಂತ ಇವತ್ತಿನ ತನಕ ನಂಬಿದ್ದೆ ಕಣ್ರಪ್ಪ."

ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹೊಡೆದ ಮೇಷ್ಟ್ರು ತೀರಿಕೊಂಡು ವರ್ಷಗಳಾಗಿವೆ.

ದುಡ್ಡು ಕೇಳಿದರೆ ತಗೊಳ್ಳಲಿಲ್ಲ. "ವಾಪಸ್ ಸ್ಕೂಲಿಗೇ ಕೊಡಿ. ಬೀಗ ಮಾತ್ರ ಹಾಕಬೇಡಿ ಅಂತ ಹೇಳಿ. ಮಕ್ಕಳು ಮುಟ್ಟಲಿ. ಕೆಟ್ರೆ ನನ್ನ ಹತ್ರ ತನ್ನಿ."