ಜಿಂಕೆಗಿಂತ ಮೊದಲು ಎಣಿಕೆ

ಹಾವೇರಿ ಕಡೆ ಮೆಕ್ಕೆಜೋಳ ಮೊಳಕೆಯೊಡೆದು ಮೇಲೇಳುವ ಹೊತ್ತಿಗೆ ನಮಗೆ ಪ್ರತಿ ವರ್ಷ ಒಂದು ಸುದ್ದಿ ಖಾತ್ರಿ. ಕೃಷ್ಣಮೃಗಗಳ ಹಿಂಡು ಹೊಲಕ್ಕೆ ನುಗ್ಗಿತು, ರೈತರು ಪರಿಹಾರ ಕೇಳಿದರು. ಆ ಸುದ್ದಿಗೆ ಹೋದಲ್ಲೆಲ್ಲ ಈಚೆಗೆ ಒಂದು ಮಾತು ಕಿವಿಗೆ ಬೀಳುತ್ತಿದೆ: “ಅಮೆರಿಕಾದಾಗ ಜಿಂಕಿ ಹೊಡ್ಯಾಕ ಸರ್ಕಾರನ ಲೈಸೆನ್ಸ್ ಕೊಡ್ತೈತಂತ. ರೊಕ್ಕಾ ಕಟ್ಟಿದ್ರ ಆತು. ನಮ್ಮಲ್ಲಿ ಯಾಕ ಆಗೂದಿಲ್ರೀ?”

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ ಎಂಬುದು ಕೇಳುವವರಿಗೂ ಗೊತ್ತು, ಬರೆಯುವ ನಮಗೂ ಗೊತ್ತು. ನಮಗೆ ಗೊತ್ತಿರದೆ ಇದ್ದದ್ದು ಮಾತಿನ ಇನ್ನೊಂದು ಅರ್ಧ. ರೊಕ್ಕ ಕಟ್ಟಿದರೆ ಅಲ್ಲಿ ನಿಜಕ್ಕೂ ಆಗಿಬಿಡುತ್ತದೆಯೇ? ಅದನ್ನು ನೋಡದೆ ಈ ಮಾತನ್ನು ಕಾಪಿಗೆ ಹಾಕಲು ಮನಸ್ಸಾಗಲಿಲ್ಲ. ಸಹಪಾಠಿಯೊಬ್ಬನ ಅಣ್ಣ ಟೆಕ್ಸಾಸ್‌ನಲ್ಲಿದ್ದಾರೆ. ಅವರ ಜೊತೆ ಕೆಲಸ ಮಾಡುವವರೊಬ್ಬರು ವರ್ಷಾ ವರ್ಷಾ ಕೊಲರಾಡೊ ರಾಜ್ಯಕ್ಕೆ ಜಿಂಕೆ ಬೇಟೆಗೆ ಅರ್ಜಿ ಹಾಕುತ್ತಾರಂತೆ. ಅಣ್ಣನವರನ್ನು ಫೋನಿನಲ್ಲಿ ಕಾಡಿದೆವು, ಆಮೇಲೆ ನಾಲ್ಕಾರು ರಾಜ್ಯಗಳ ನಿಯಮಪುಸ್ತಕ ತೆರೆದು ಕೂತೆವು. ಎಲ್ಲರಿಗಿಂತ ಹೆಚ್ಚು ರೊಕ್ಕ ಕಟ್ಟುವವನು ಹೊರ ರಾಜ್ಯದ ಬೇಟೆಗಾರ. ದುಡ್ಡಿನ ಮಾತು ನಿಜವೋ ಸುಳ್ಳೋ ತಿಳಿಯಬೇಕಾದರೆ ಅವನ ಅರ್ಜಿಯನ್ನೇ ನೋಡಬೇಕು.

ಮ್ಯೂಲ್ ಡೀರ್ ಅಮೆರಿಕದ ಪಶ್ಚಿಮ ಭಾಗದ ಜಿಂಕೆ. ಹೇಸರಗತ್ತೆಯಂಥ ದೊಡ್ಡ ಕಿವಿ ಇರುವುದರಿಂದ ಆ ಹೆಸರು. ಒಂದು ಜಿಂಕೆ ಹೊಡೆಯಲು ಒಂದು ‘ಟ್ಯಾಗ್’ ಬೇಕು, ಅಂದರೆ ಹೆಸರು ಬರೆದ ಒಂದು ಚೀಟಿ. ಹೊಡೆದ ಮೇಲೆ ಅದನ್ನು ಪ್ರಾಣಿಗೆ ಕಟ್ಟಬೇಕು. ಕೊಲರಾಡೊದಲ್ಲಿ 1999ರಿಂದ ಜಿಂಕೆಯ ಪರವಾನಗಿಗಳಿಗೆಲ್ಲ ಮಿತಿ ಇದೆ. ರಾಜ್ಯವನ್ನು ಬೇಟೆ ಘಟಕಗಳಾಗಿ ಹಂಚಿದ್ದಾರೆ. ಪ್ರತಿ ಕಡೆ ಎಷ್ಟು ಜಿಂಕೆ ಇವೆ, ನೂರು ಹೆಣ್ಣಿಗೆ ಎಷ್ಟು ಗಂಡು, ಎಷ್ಟು ಮರಿ ಬದುಕಿದವು ಎಂಬ ಅಂದಾಜು ನೋಡಿ ಆ ವರ್ಷದ ಟ್ಯಾಗ್ ಸಂಖ್ಯೆ ನಿಗದಿ ಮಾಡುತ್ತಾರೆ. ಚಳಿ ಜೋರಾಗಿ ಜಿಂಕೆ ಸತ್ತ ವರ್ಷ ಟ್ಯಾಗೂ ಕಡಿಮೆ.

ಅರ್ಜಿಯಲ್ಲಿ ‘ಜಿಂಕೆ ಬೇಕು’ ಎಂದು ಬರೆದರೆ ಸಾಲದು. ಒಂದು ಸಂಕೇತ ತುಂಬಬೇಕು. ಉದಾಹರಣೆಗೆ ಡಿ-ಎಂ-044-ಓ4-ಆರ್. ಡಿ ಅಂದರೆ ಜಿಂಕೆ, ಎಂ ಅಂದರೆ ಗಂಡು, 044 ಘಟಕದ ಸಂಖ್ಯೆ, ಓ4 ನಾಲ್ಕನೇ ಸೀಸನ್, ಆರ್ ಅಂದರೆ ರೈಫಲ್. ಯಾವ ಪ್ರಾಣಿ, ಎಲ್ಲಿ, ಯಾವಾಗ, ಯಾವ ಆಯುಧ ಎಲ್ಲವೂ ಅಷ್ಟರಲ್ಲಿ ಬಂತು. ಇಂಥ ನಾಲ್ಕು ಆಯ್ಕೆ ಕೊಡಬಹುದು. ಅರ್ಜಿಗೂ ಮೊದಲು ಬೇರೊಂದು ಅರ್ಹತಾ ಪರವಾನಗಿ ಖರೀದಿಸಿರಬೇಕು. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿ ಪಡೆದ ಕಾರ್ಡು ತೋರಿಸಬೇಕು. ಜಿಂಕೆ ಟ್ಯಾಗಿನ ಶುಲ್ಕ ಹೊರಗಿನವರಿಗೆ ಸ್ಥಳೀಯರ ಸುಮಾರು ಹತ್ತು ಪಟ್ಟು.

ಇಷ್ಟಾದರೂ ಟ್ಯಾಗ್ ಸಿಗುವ ಖಾತ್ರಿಯಿಲ್ಲ. ಮೊದಲ ಆಯ್ಕೆ ಸಿಗದಿದ್ದರೆ ಒಂದು ‘ಆದ್ಯತಾ ಪಾಯಿಂಟ್’ ಖಾತೆಗೆ ಬೀಳುತ್ತದೆ. ಮುಂದಿನ ವರ್ಷ ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲು. ಟ್ಯಾಗೇ ಬೇಡ, ಈ ವರ್ಷ ಪಾಯಿಂಟ್ ಸಾಕು ಎಂದೂ ಅರ್ಜಿ ಹಾಕಬಹುದು. ಟೆಕ್ಸಾಸ್‌ನ ಆ ಸಹೋದ್ಯೋಗಿ ಹಲವು ವರ್ಷ ಮಾಡಿದ್ದು ಇದನ್ನೇ. ಆದರೆ ಎಲ್ಲರೂ ಹೀಗೆ ಕೂಡಿಡುತ್ತಾ ಹೋದಾಗ ನಿನ್ನೆ ಐದು ಪಾಯಿಂಟಿಗೆ ಸಿಗುತ್ತಿದ್ದ ಘಟಕ ನಾಳೆ ಆರು ಕೇಳುತ್ತದೆ, ನಾಡಿದ್ದು ಏಳು. ನಾವು ಒಂದು ಹೆಜ್ಜೆ ಇಟ್ಟರೆ ಸರದಿಯ ತಲೆಯೂ ಒಂದು ಹೆಜ್ಜೆ ಮುಂದೆ. ಅರಿಜೋನಾದ ಉತ್ತರದ 13ಎ, 13ಬಿ ಘಟಕಗಳು ದೊಡ್ಡ ಕೊಂಬಿನ ಮ್ಯೂಲ್ ಡೀರ್‌ಗೆ ಹೆಸರುವಾಸಿ. ಅಲ್ಲಿಗಾಗಿ ಜನ ಅರ್ಧ ಆಯುಷ್ಯ ಕಾಯುತ್ತಾರೆ.

ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ. ನೆವಾಡಾದಲ್ಲಿ ಪಾಯಿಂಟಿನ ವರ್ಗ ಮಾಡುತ್ತಾರೆ. ಹತ್ತು ಪಾಯಿಂಟ್ ಇದ್ದವನ ಹೆಸರಿಗೆ ನೂರು ಅವಕಾಶ, ಈ ವರ್ಷದ ಅರ್ಜಿಗೆ ಇನ್ನೊಂದು. ಆದರೂ ಅದು ಲಾಟರಿಯೇ, ಹೊಸಬನಿಗೆ ಹೊಡೆಯಲೂಬಹುದು. ವಯೋಮಿಂಗ್ ಹೊರಗಿನವರ ಪಾಲಿನಲ್ಲಿ 75 ಭಾಗವನ್ನು ಪಾಯಿಂಟಿನ ಮೇಲೆ, 25 ಭಾಗವನ್ನು ಲಾಟರಿಯಲ್ಲಿ ಹಂಚುತ್ತದೆ. ನ್ಯೂ ಮೆಕ್ಸಿಕೊದಲ್ಲಿ ಪಾಯಿಂಟೇ ಇಲ್ಲ, ನಮ್ಮ ಆರ್‌ಟಿಇ ಸೀಟಿನ ಹಾಗೆ ನೇರ ಲಾಟರಿ. ಅಲ್ಲಿ ನೂರರಲ್ಲಿ 84 ಟ್ಯಾಗ್ ರಾಜ್ಯದವರಿಗೆ, 10 ಪರವಾನಗಿ ಪಡೆದ ಬೇಟೆ ಮಾರ್ಗದರ್ಶಕರ ಜೊತೆ ಹೋಗುವವರಿಗೆ. ತಾನಾಗಿ ಹೋಗುವ ಹೊರಗಿನವನಿಗೆ ಉಳಿದದ್ದು 6.

ಹತ್ತು ಪಟ್ಟು ಕಟ್ಟುವವನಿಗೆ ಇಷ್ಟು ಚಿಕ್ಕ ಪಾಲು ನ್ಯಾಯವೇ? ಈ ಜಗಳ ಅಲ್ಲಿ ಹಳೆಯದು. ಜಿಂಕೆ ಮೇಯುವ ಬೆಟ್ಟಗಳಲ್ಲಿ ಬಹುಪಾಲು ಕೇಂದ್ರ ಸರ್ಕಾರದ ಜಮೀನು, ಅದು ಇಡೀ ದೇಶದವರದ್ದು ಎಂಬುದು ಹೊರಗಿನವರ ವಾದ. ಜಮೀನು ಯಾರದ್ದೇ ಆಗಲಿ, ಅದರ ಮೇಲಿನ ವನ್ಯಜೀವಿ ಆ ರಾಜ್ಯದ ಜನರ ಪರವಾಗಿ ರಾಜ್ಯ ಕಾಯುವ ಸೊತ್ತು ಎಂಬುದು ಉತ್ತರ. ಮೊಂಟಾನಾ ರಾಜ್ಯ ಹೊರಗಿನವರಿಗೆ ಹೆಚ್ಚು ಶುಲ್ಕ ಹಾಕಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ ಎತ್ತಿಹಿಡಿಯಿತು. ಮುಂದೆ ಅರಿಜೋನಾದ ಶೇ 10ರ ಮಿತಿ ಕೋರ್ಟಿನಲ್ಲಿ ಪ್ರಶ್ನೆಗೊಳಗಾದಾಗ, ಇಂಥ ಭೇದ ಮಾಡುವ ಅಧಿಕಾರ ರಾಜ್ಯಗಳಿಗೇ ಇದೆ ಎಂದು ಅಲ್ಲಿನ ಸಂಸತ್ತು 2005ರಲ್ಲಿ ಕಾನೂನು ಮಾಡಿತು.

ಹಾಗಂತ ರೊಕ್ಕಕ್ಕೆ ಅಲ್ಲಿ ಬಾಗಿಲೇ ಇಲ್ಲ ಎಂದರೆ ಅದೂ ಸುಳ್ಳು. ಕೊಲರಾಡೊದಲ್ಲಿ ಕನಿಷ್ಠ 160 ಎಕರೆ ಕೃಷಿ ಜಮೀನಿದ್ದವರು ಪ್ರತ್ಯೇಕ ಲಾಟರಿಯಲ್ಲಿ ವೋಚರ್ ಪಡೆಯಬಹುದು. ಅದನ್ನು ಬೇಟೆಗಾರನಿಗೆ ದುಡ್ಡಿಗೆ ಕೊಡಬಹುದು. ಕೊಂಡವನು ಹೊರಗಿನವನಾದರೂ ಸರದಿ ದಾಟಿಬಿಟ್ಟ. ಜಿಂಕೆ ತನ್ನ ಹೊಲದಲ್ಲಿ ಮೇದದ್ದಕ್ಕೆ ರೈತನಿಗೂ ಏನೋ ಒಂದು ಸಿಕ್ಕಿತು. ಬೆಳೆ ಹಾನಿಗೆ ಪರಿಹಾರ ಕೊಡುವ ಹೊಣೆಯೂ ಅಲ್ಲಿ ವನ್ಯಜೀವಿ ಇಲಾಖೆಯದೇ. ಆ ಇಲಾಖೆ ನಡೆಯುವುದೇ ಹೆಚ್ಚಾಗಿ ಪರವಾನಗಿಯ ಹಣದಿಂದ. ಜೊತೆಗೆ 1937ರ ಒಂದು ಕಾನೂನಿನಂತೆ ಬಂದೂಕು, ಗುಂಡುಗಳ ಮೇಲೆ ಹಾಕುವ ತೆರಿಗೆಯೂ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಟ್ಯಾಗ್ ಸಿಗದ ವರ್ಷವೂ ಹೊರಗಿನವನು ಕಟ್ಟಿದ ಅರ್ಜಿ ಶುಲ್ಕ, ಅರ್ಹತಾ ಪರವಾನಗಿಯ ಹಣ ವಾಪಸು ಬರುವುದಿಲ್ಲ.

ಇಷ್ಟು ಓದಿದ ಮೇಲೆ ನಮಗೆ ಕಂಡದ್ದು ಇಷ್ಟು. ಆ ವ್ಯವಸ್ಥೆಯಲ್ಲಿ ಬಂದೂಕು ಬರುವುದು ಕಟ್ಟಕಡೆಗೆ. ಅದಕ್ಕೂ ಮೊದಲು ಎಣಿಕೆ, ಮಿತಿ, ಪಾಲು, ಸರದಿ, ಪರಿಹಾರ ಎಲ್ಲವೂ ಸಾಲಾಗಿ ನಿಂತಿವೆ. ನಮ್ಮ ಊರುಗಳಿಗೆ ಸುದ್ದಿಯಾಗಿ ತಲುಪಿರುವುದು ಕೊನೆಯ ಬಂದೂಕು ಮಾತ್ರ. ಬೇಟೆ ಇಲ್ಲಿ ಬರಬೇಕು ಎಂಬುದು ನಮ್ಮ ಮಾತಲ್ಲ. ಕಾನೂನು ಬೇಡವೆಂದಿದೆ, ನಮಗೂ ಬೇಡ. ಆದರೆ ಎಣಿಸುವುದಕ್ಕೆ, ಹಾನಿ ಅಳೆಯುವುದಕ್ಕೆ, ಪರಿಹಾರವನ್ನು ಕಾಡಿನ ಲೆಕ್ಕದಲ್ಲೇ ಸೇರಿಸುವುದಕ್ಕೆ ನಮ್ಮ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಹಾಗಾಗಿ ಈಗ ಬೆಳೆ ಹಾನಿಯ ಸುದ್ದಿಗೆ ಹೋದಾಗ ಮೂರು ಪ್ರಶ್ನೆ ಕೇಳಿಯೇ ಬರುತ್ತೇವೆ. ಈ ಭಾಗದಲ್ಲಿ ಪ್ರಾಣಿಗಳನ್ನು ಕೊನೆಯ ಸಲ ಎಣಿಸಿದ್ದು ಯಾವಾಗ? ಈ ಹೋಬಳಿಯಲ್ಲಿ ಪರಿಹಾರದ ಅರ್ಜಿ ಎಷ್ಟು ಬಂದವು, ಎಷ್ಟು ಬಾಕಿ ಇವೆ? ಹಣ ರೈತನ ಕೈಸೇರಲು ಎಷ್ಟು ದಿನ ಹಿಡಿಯಿತು? ಬ್ಲಾಗಿನ ಗೆಳೆಯರೂ ತಮ್ಮ ತಮ್ಮ ತಾಲ್ಲೂಕುಗಳಲ್ಲಿ ಕೇಳಿ ನೋಡಿ. ಉತ್ತರ ಸಿಕ್ಕರೆ ಅದು ಸುದ್ದಿ. ಸಿಗದಿದ್ದರೆ ಅದು ಇನ್ನೂ ದೊಡ್ಡ ಸುದ್ದಿ.