ಎಂಜಿನ್ನಿನ ಹೊಟ್ಟೆಯೊಳಗೆ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನನಗೂ ಮೋಟಾರ್ ಸೈಕಲ್ಲಿನ ಕ್ರ್ಯಾಂಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ತಂದವನು ನನ್ನ ಮಗ.

ನಮ್ಮವರು ಹೋದ ಮೇಲೆ ಅವರ ಯೆಜ್ಡಿ ಆರು ವರ್ಷ ಹಿತ್ತಲಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಈ ಬೇಸಿಗೆಯಲ್ಲಿ ಮಗ ಅದನ್ನು ಬಿಚ್ಚಿ ಹರಡಿದ. "ರೇಸಿಗೆ ತಯಾರು ಮಾಡ್ತೀನಮ್ಮ, ಎಂಜಿನ್ನು ಮಾಮೂಲಿಗಿಂತ ಒಂದೂವರೆ ಪಟ್ಟು ಜೋರಾಗಿ ಸುತ್ತಬೇಕು" ಎಂದ. ಹೊಸ ಕಾರ್ಬುರೇಟರ್ ಬಂತು, ಹೊಳೆಯುವ ಸೈಲೆನ್ಸರ್ ಬಂತು. ದುಡ್ಡು ಮುಗಿಯಿತು. "ಒಳಗಿನ ಕನೆಕ್ಟಿಂಗ್ ರಾಡು, ಬೇರಿಂಗು ಹಳೆಯದೇ ಇರಲಿ. ಯಾರು ನೋಡ್ತಾರೆ?" ಎಂದ.

ನೋಡುವವನು ನನ್ನ ಅಣ್ಣ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ಕ್ರ್ಯಾಂಕ್ ಜೋಡಿಸುತ್ತಿದ್ದವನು. ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದ. ಸಣ್ಣಗೆ 'ಟಕ್' ಎಂದಿತು.

"ಓಡತ್ತೆ ಬಿಡಿ ಮಾವ."

"ಓಡತ್ತೆ ಕಣೋ. ನಿನ್ನನ್ನ ಎಲ್ಲಿ ಕೆಡವತ್ತೆ ಅಂತ ಹೇಳೋಕಾಗಲ್ಲ."

ಆಮೇಲೆ ಬಿಡಿಸಿ ಹೇಳಿದ. ನಿಮಿಷಕ್ಕೆ 5000 ಸುತ್ತಿನಲ್ಲಿ ಪಿಸ್ಟನ್ 10,000 ಸಲ ನಿಂತು ಹಿಂದಕ್ಕೆ ತಿರುಗಬೇಕು. ಪ್ರತಿಸಲ ಅದನ್ನು ತಡೆದು ಎಳೆಯುವುದು ಆ ರಾಡು. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಒಂದೂವರೆ ಪಟ್ಟಾದರೆ ಎರಡೂಕಾಲು ಪಟ್ಟು. ಗಣಿತಕ್ಕೆ ಹೆದರಿ ಬಿಎ ಸೇರಿದವಳು ನಾನು. ಈ ಲೆಕ್ಕ ಮಾತ್ರ ಒಂದೇ ಸಲಕ್ಕೆ ತಲೆಗೆ ಹತ್ತಿತು. ಅದಕ್ಕೇ ಪಿಸ್ಟನ್ ಹಗುರವಾಗಿರಬೇಕು, ರಾಡು ಗಟ್ಟಿ ಉಕ್ಕಿನದಾಗಿರಬೇಕು, ಬೇರಿಂಗಿನ ರೋಲರುಗಳನ್ನು ಹಿಡಿದಿಡುವ ಪಂಜರ ಬಲವಾಗಿರಬೇಕು. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಈ ಬೇರಿಂಗಿಗೂ ಆಹಾರ. ಅದರಲ್ಲಿ ಜಿಪುಣತನ ಕೂಡದು. ಎಲ್ಲ ಒತ್ತಿ ಕೂಡಿಸಿದ ಮೇಲೆ ಕ್ರ್ಯಾಂಕನ್ನು ತಿರುಗಿಸಿ ನೋಡಿ, ಕೂದಲೆಳೆಯಷ್ಟು ಸೊಟ್ಟವಿದ್ದರೂ ತೆಗೆಯಬೇಕು.

"ಬೇರಿಂಗ್ ಹಿಡಕೊಂಡರೆ ಹಿಂದಿನ ಚಕ್ರವೂ ಹಿಡಕೊಳ್ಳತ್ತೆ" ಎಂದ. ನನ್ನ ಎದೆ ಝಲ್ಲೆಂದಿತು.

ಮನೆಯ ಮುಂದಿನ ಗೋಡೆಗೆ ಬಣ್ಣ ಹೊಡೆಸಲು ಇಟ್ಟಿದ್ದ ಚೀಟಿ ಹಣ ತಂದು ಅಣ್ಣನ ಕೈಗಿಟ್ಟೆ. ಕಾರ್ಖಾನೆ ಮುಚ್ಚಿದ ಮೇಲೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದೇ ಕಾಲ ಹಾಕಿದವನು ಅವನು. ಹೊಸ ರಾಡು, ಬೇರಿಂಗು ತರಿಸಿ, ಎರಡು ದಿನ ಕೂತು ಕ್ರ್ಯಾಂಕಿನ ಸೊಟ್ಟ ತೆಗೆದ. ಮಧ್ಯೆ ಕಾಫಿ ಕೊಟ್ಟರೂ ತಲೆ ಎತ್ತಲಿಲ್ಲ. ಅವನ ಮುಖದಲ್ಲಿ ಆ ಕಳೆ ನೋಡಿ ಎಷ್ಟು ವರ್ಷವಾಗಿತ್ತೋ!

ಗೋಡೆ ಈ ವರ್ಷವೂ ಹಳೆಯ ಬಣ್ಣದಲ್ಲೇ ಇದೆ. ಸಂಜೆ ಬೀದಿಯ ತುದಿಯಲ್ಲಿ ಯೆಜ್ಡಿಯ ಸದ್ದು ಕೇಳಿದ ಮೇಲೆ ಸಾರಿಗೆ ಒಗ್ಗರಣೆ ಹಾಕುತ್ತೇನೆ.