ಬಾಲದ ಎಳೆ ಲೆಕ್ಕಕ್ಕಿಲ್ಲ

ಮೇ ತಿಂಗಳ ಮೂರನೆಯ ಶನಿವಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಝರ್ಡ್ಸ್ ಕೊಲ್ಲಿಯಲ್ಲಿ ಬೆಳಗಿನ ಆರು ಗಂಟೆಗೇ ಸಣ್ಣ ದೋಣಿಗಳು ನೀರಿಗಿಳಿದಿದ್ದವು. ಬಿಸಿಲು ಬಿದ್ದಿದ್ದರೂ ಗಾಳಿ ಮೈ ಕೊರೆಯುವಷ್ಟು ತಣ್ಣಗಿತ್ತು. ಒಂದು ದೋಣಿಯಲ್ಲಿ ಒಬ್ಬ ಅಜ್ಜ, ಅವನ ಹನ್ನೆರಡು ವರ್ಷದ ಮೊಮ್ಮಗಳು. ಗಾಳಕ್ಕೆ ಸಿಕ್ಕಿಸಿದ್ದು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ಸೀಳು.

ಬಂಡೆಗಳಿರುವ ಜಾಗ ನೋಡಿ ಗಾಳ ಇಳಿಬಿಟ್ಟರು. ಕಾಲು ಗಂಟೆಯೊಳಗೆ ಹುಡುಗಿಯ ಕೋಲು ಬಾಗಿತು. ಮೇಲೆ ಬಂದದ್ದು ಬ್ಲ್ಯಾಕ್ ಸೀ ಬಾಸ್. ಹೆಸರಿಗೆ ಕಪ್ಪು ಮೀನು. ಆದರೆ ಈ ಋತುವಿನಲ್ಲಿ ದೊಡ್ಡ ಗಂಡಿನ ತಲೆಯ ಹಿಂದೆ ಗೂನು ಉಬ್ಬಿ, ಅದರ ಮೇಲೆ ನೀಲಿ ಬಣ್ಣ ಮಿಂಚುತ್ತದೆ. ಬಾಲದ ಮೇಲ್ತುದಿಯಿಂದ ದಾರದಂಥ ಎಳೆಯೊಂದು ಹೊರಚಾಚಿರುತ್ತದೆ.

ಅಜ್ಜ ಅಳತೆಪಟ್ಟಿ ತೆಗೆದ. 2024ರಲ್ಲಿ ಆ ರಾಜ್ಯದ ನಿಯಮದಂತೆ ಹವ್ಯಾಸಿ ಬೆಸ್ತರು ಇಟ್ಟುಕೊಳ್ಳಬಹುದಾದ ಮೀನು 16.5 ಅಂಗುಲಕ್ಕೆ ಕಡಿಮೆ ಇರಬಾರದು. ತಲೆಗೆ ದಿನಕ್ಕೆ ನಾಲ್ಕೇ ಮೀನು. ಎಳೆಯನ್ನು ಸೇರಿಸಿ ಅಳೆದರೆ ಮೀನು ಗೆರೆ ದಾಟುತ್ತಿತ್ತು. ಆದರೆ ಎಳೆಯನ್ನು ಅಳತೆಗೆ ಹಿಡಿಯುವಂತಿಲ್ಲವೆಂದು ನಿಯಮದಲ್ಲೇ ಇದೆ. ಅದನ್ನು ಬಿಟ್ಟರೆ ಸರಿಯಾಗಿ 16.

"ಅರ್ಧ ಅಂಗುಲ ತಾನೆ ಅಜ್ಜ! ಇಲ್ಲಿ ಯಾರು ನೋಡುತ್ತಾರೆ?"

ಅಜ್ಜ ಮಾತಾಡಲಿಲ್ಲ. ಹುಡುಗಿ ಬಿಡಲಿಲ್ಲ. "ಮೊಟ್ಟೆ ಇಡುವುದಕ್ಕೆ ಮುಂಚೆ ಹಿಡಿಯಬಾರದು ಅಂತ ತಾನೆ ಅಳತೆ ಇಟ್ಟಿರುವುದು? ಇದು ಗಂಡು. ಮೊಟ್ಟೆ ಎಲ್ಲಿಂದ ಇಡುತ್ತೆ?"

ತುಂಟತನದಿಂದ ಕೇಳಿದ್ದಾದರೂ ಪ್ರಶ್ನೆ ಗಟ್ಟಿಯಾದದ್ದು. ಈ ಜಾತಿಯ ಹೆಚ್ಚಿನ ಮೀನುಗಳು ಹೆಣ್ಣಾಗಿಯೇ ಜೀವನ ಆರಂಭಿಸುತ್ತವೆ. ಕೆಲವು ವರ್ಷ ಮೊಟ್ಟೆಯಿಟ್ಟು, ಬಳಿಕ ಅವುಗಳಲ್ಲಿ ಹಲವು ಗಂಡಾಗಿ ಮಾರ್ಪಡುತ್ತವೆ. ಎಲ್ಲವೂ ಹಾಗೆ ಬದಲಾಗುವುದಿಲ್ಲ. ಮೊದಲಿನಿಂದಲೂ ಗಂಡಾಗಿಯೇ ಇರುವ ಕೆಲವೂ ಉಂಟು. ನಮ್ಮ ಅಳಿವೆಗಳಲ್ಲಿ ಸಿಗುವ ಏಷ್ಯನ್ ಸೀಬಾಸ್‌ನದು ಇದಕ್ಕೆ ತೀರಾ ತದ್ವಿರುದ್ಧ: ಅದು ಮೊದಲು ಗಂಡು, ಬೆಳೆದ ಮೇಲೆ ಹೆಣ್ಣು. ಇಬ್ಬರಿಗೂ ಬಾಸ್ ಎಂಬ ಹೆಸರಿದೆಯೆಂದು ಪರೀಕ್ಷೆಯಲ್ಲಿ ಒಂದೇ ಉತ್ತರ ಬರೆದರೆ ಅಂಕ ಹೋದಂತೆಯೇ.

ಹಾಗಾಗಿ ದೊಡ್ಡ ಮೀನನ್ನಷ್ಟೇ ಹಿಡಿಯಬೇಕೆಂಬ ನಿಯಮ ಇಲ್ಲಿ ತಾಯಂದಿರನ್ನು ಉಳಿಸಿ ತಂದೆಯರನ್ನು ಬುಟ್ಟಿಗೆ ಹಾಕುತ್ತದೆ. ವಸಂತದಲ್ಲಿ ದಡದ ಬಳಿ ಹಿಡಿಯುವುದೆಂದರೆ ಮೊಟ್ಟೆಯಿಡುವ ಗುಂಪಿನ ನಡುವೆಯೇ ಗಾಳ ಹಾಕಿದ ಹಾಗೆ. ಗಂಡುಗಳೇ ಸಾಲದೆ ಹೋದರೆ? ವಿಜ್ಞಾನಿಗಳಿಗೂ ಈ ಅಳುಕಿತ್ತು. ಗೂನಿಲ್ಲದ ಸಣ್ಣ ಗಂಡುಗಳೂ ಸಂತಾನದಲ್ಲಿ ಪಾಲು ಪಡೆಯುತ್ತವೆ ಎಂದು ತಿಳಿದಾಗ ಅದು ಸ್ವಲ್ಪ ಕಡಿಮೆಯಾಯಿತು. ಒಂದು ಕಾಲದಲ್ಲಿ ವಿಪರೀತ ಹಿಡಿದು ಸಂಖ್ಯೆ ಕುಸಿದಿದ್ದ, ಹ್ಯಾಟರಸ್ ಭೂಶಿರದಿಂದ ಉತ್ತರಕ್ಕಿರುವ ಈ ಮೀನುಸಂಪತ್ತು ಚೇತರಿಸಿಕೊಂಡಿದೆ ಎಂದು 2009ರಲ್ಲಿ ಘೋಷಿಸಲಾಯಿತು. ಅಳತೆಪಟ್ಟಿಯ ಜೊತೆಗೆ ಹಿಡಿಯುವ ಪ್ರಮಾಣಕ್ಕೂ ಕಾಲಕ್ಕೂ ಹಾಕಿದ ಕಡಿವಾಣ ಅದರ ಹಿಂದಿತ್ತು.

ಹುಡುಗಿಗೆ ಅಷ್ಟೆಲ್ಲ ಹೇಳಲು ಅಜ್ಜನಿಗೆ ಪುರಸೊತ್ತಿರಲಿಲ್ಲ. ಮೀನು ನೀರಿನಿಂದ ಹೊರಗಿತ್ತು.

"ಕೈ ಒದ್ದೆ ಮಾಡಿಕೊಂಡು ಹಿಡಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತೆ."

ಬಿಟ್ಟ ಮೀನು ಬದುಕುತ್ತದೆಯೇ ಎಂಬುದು ಬೇರೆಯೇ ಲೆಕ್ಕ. ಅದನ್ನು ಬಾಯ್ಲ್‌ನ ನಿಯಮ ಓದಿದ ಯಾವ ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಲ್ಲ. ಮೀನಿನ ಹೊಟ್ಟೆಯೊಳಗೆ ಗಾಳಿಚೀಲವಿದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ವಾಯುಭಾರ. ಅಲ್ಲಿಂದ ಸರ್ರನೆ ಮೇಲೆಳೆದರೆ ಚೀಲದ ಅನಿಲ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಇಷ್ಟನ್ನು ಬಹುಪಾಲು ಮೀನುಗಳು ತಡೆದುಕೊಳ್ಳುತ್ತವೆ. ಆದರೆ ಚಳಿಗಾಲದಲ್ಲಿ ಇದೇ ಮೀನು ದೂರ ಕಡಲಿಗೆ, ಭೂಖಂಡದ ತಟ್ಟೆಯ ಅಂಚಿನತ್ತ ಹೋಗಿರುತ್ತದೆ. ಅಲ್ಲಿ ನೂರು ಮೀಟರ್ ಆಳದಿಂದ ಎಳೆದರೆ ಲೆಕ್ಕ ಹನ್ನೊಂದು ಪಟ್ಟು. ಜಠರ ಬಾಯಿಂದ ಹೊರಬಂದು, ಕಣ್ಣು ಉಬ್ಬಿ, ನೀರಿಗೆ ಬಿಟ್ಟರೂ ಮುಳುಗಲಾರದೆ ಮೀನು ಮೇಲೆಯೇ ತೇಲುತ್ತದೆ. ಹಕ್ಕಿಗಳಿಗೆ ಹಬ್ಬ. ಅಂಥ ಕಡೆ 'ಸಣ್ಣದು, ಬಿಟ್ಟೆವು' ಎಂದು ನೆಮ್ಮದಿಪಡುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಅದಕ್ಕೇ ಕೆಲವರು ಭಾರ ಕಟ್ಟಿದ ಸಾಧನದಿಂದ ಮೀನನ್ನು ಪುನಃ ಆಳಕ್ಕೆ ಇಳಿಸುತ್ತಾರೆ.

ಅಂದು ದೋಣಿಯ ಕೆಳಗಿದ್ದದ್ದು ಒಂಬತ್ತು ಮೀಟರ್ ನೀರು. ಹುಡುಗಿ ಮುಖ ಊದಿಸಿಕೊಂಡೇ ಕೈ ಅದ್ದಿ, ಮೀನನ್ನು ತಲೆ ಕೆಳಗಾಗಿ ಹಿಡಿದು ಬಿಟ್ಟಳು. ಒಂದು ಗಳಿಗೆ ಅದು ಅಲ್ಲೇ ಓಲಾಡಿತು. ಅವಳು ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದಳು. ಆಮೇಲೆ ಬಾಲ ಒಮ್ಮೆ ಬಡಿಯಿತು. ನೀಲಿ ಗೂನು ಹಸಿರು ನೀರಿನಲ್ಲಿ ಕರಗಿಹೋಯಿತು.

"ಹೋಯ್ತು!" ಎಂದಳು. ಬೇಸರದಲ್ಲೋ ಸಂತೋಷದಲ್ಲೋ ಅಜ್ಜನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ದೋಣಿ ದಡ ಸೇರಿದಾಗ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿದ್ದದ್ದು ಎರಡು ಮೀನು. ಎರಡೂ ಅಜ್ಜನವು. ಮೊಮ್ಮಗಳು ಅವುಗಳನ್ನು ತಾನೇ ಇನ್ನೊಮ್ಮೆ ಅಳೆದು ನೋಡಿದಳು, ಎಳೆ ಬಿಟ್ಟು.